ಹೆಸರು ಹಿಡಿದು ಕರೆಯದ ಅಕ್ಕ

ಬೀದರ, ಹೊರಡುವ ಮುಂಚೆ

ಬೀದರಿನಲ್ಲಿ ಯಾರಾದರೂ "ಈಗ ಏನ್ ಬರೀಲತ್ತೀರಿ ಮೇಡಂ?" ಎಂದು ಕೇಳಿ, ನಾನು "ಆಸ್ಟ್ರೇಲಿಯಾದವರ ಆತ್ಮಕಥನಗಳ ಬಗ್ಗೆ" ಎಂದರೆ, ಅವರು ಒಂದು ಗಳಿಗೆ ತಡೆದು "ಕ್ರಿಕೆಟ್‌ದವರದೇನ್ರಿ?" ಎನ್ನುತ್ತಾರೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಈಗ "ಹೌದ್ರಿ, ಅವರದೂ ಅದ" ಎಂದು ಮುಂದೆ ಹೋಗುತ್ತೇನೆ. ಮೆಂತ್ಯದ ಕಟ್ಟು ಕೈಯಲ್ಲಿ ಹಿಡಿದುಕೊಂಡು ಸಂತೆಯಲ್ಲಿ ಯಾರಿಗೆ ಅಂತ ಪಾಠ ಹೇಳುವುದು?

ನಾನು ಭಾಲ್ಕಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುವವಳು. ಮನೆ ಬೀದರಿನಲ್ಲಿ, ತವರು ಭಾತಂಬ್ರಾ. ನಮ್ಮದು ಬೌದ್ಧರ ಮನೆ. ಆತ್ಮ ಎಂಬುದೇ ಇಲ್ಲ ಎಂದು ಕೇಳುತ್ತ ಬೆಳೆದವಳು ಆತ್ಮಕಥನದ ಮೇಲೆ ದಪ್ಪನೆಯ ವಿಮರ್ಶೆಯ ಪುಸ್ತಕ ಬರೆದದ್ದನ್ನು ನನ್ನ ಗಂಡ ಇಂದಿಗೂ ಆಡಿಕೊಳ್ಳುತ್ತಾರೆ. ಆ ಪುಸ್ತಕದಲ್ಲಿ ನಾನು ಹೇಳಿದ್ದು ಇಷ್ಟೆ: ಆಸ್ಟ್ರೇಲಿಯಾದ ಮೂಲನಿವಾಸಿಗಳು ತಮ್ಮ ಕಥೆ ಹೇಳಲು ಕೂತರೆ 'ನಾನು' ಎಂಬುದು ಒಬ್ಬಂಟಿಯಾಗಿ ಬರುವುದಿಲ್ಲ. ಹೊಳೆ, ಅಜ್ಜಿ, ಅಕ್ಕ, ಸತ್ತವರು, ಇನ್ನೂ ಹುಟ್ಟದವರು ಎಲ್ಲರನ್ನೂ ಕರೆದುಕೊಂಡೇ ಬರುತ್ತದೆ. ಅವರ ಅಧ್ಯಾತ್ಮ ಅಂದರೆ ಅದೇ. ಬೇರೆ ಗುಡಿಗಿಡಿ ಹುಡುಕಬೇಕಾಗಿಲ್ಲ.

ಹಾಗೆ ಓದಿದ ಪುಸ್ತಕಗಳಲ್ಲಿ ಒಂದು ನನ್ನನ್ನು ಬಿಡಲೇ ಇಲ್ಲ. ಡೊರೀನ್ ಎಂಬ ಮುದುಕಿ ತನ್ನ ಬಾಲ್ಯದ ಬಗ್ಗೆ ಬರೆದದ್ದು. ಅಲ್ಲಿ ಹಿರಿಯ ಹೆಂಗಸರನ್ನೆಲ್ಲ 'ಆಂಟಿ' ಎನ್ನುತ್ತಾರೆ, ನಮ್ಮ ಕಡೆ ಮಾವಶಿ ಅಂದ ಹಾಗೆ. ಆಂಟಿ ಡೊರೀನ್ ಅವರ ಪುಸ್ತಕದ ತುಂಬ ಅವರ ಅಕ್ಕ. ಶಾಲೆಗೆ ಹೋಗುವ ದಾರಿಯಲ್ಲಿ ತಂಗಿಯನ್ನು ಬೆನ್ನ ಮೇಲೆ ಹೊತ್ತು ಹೊಳೆ ದಾಟಿಸುವ ಅಕ್ಕ. ಆ ಅಕ್ಕನ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಮರೆತಿಲ್ಲ, ಕಾರಣ ಮುಂದೆ ಬರುತ್ತದೆ. ಎರಡು ವರ್ಷ ಕೂತು ಆ ಪುಸ್ತಕವನ್ನು ಕನ್ನಡಕ್ಕೆ ತಂದೆ. ಆದರೆ ಬರೆದವರ ಒಪ್ಪಿಗೆ ಇಲ್ಲದೆ ಯಾವ ಪ್ರಕಾಶಕ ಮುಟ್ಟುತ್ತಾನೆ? ವಿಡಿಯೋ ಕಾಲಿನಲ್ಲಿ ಕೇಳಿದಾಗ ಆಂಟಿ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. "ಬಾ ಮೊದಲು. ಮುಖ ನೋಡಿ ಹೇಳ್ತೇನಿ" ಎಂದರು. ಅವರ ಇಂಗ್ಲಿಷು ಪುಸ್ತಕದ ಇಂಗ್ಲಿಷಲ್ಲ. ಅದಕ್ಕೇ ಅವರ ಮಾತನ್ನು ನಮ್ಮ ಸೀಮೆಯ ಮಾತಿನಲ್ಲೇ ಬರೆಯುತ್ತೇನೆ, ಇಲ್ಲದಿದ್ದರೆ ಸುಳ್ಳಾಗುತ್ತದೆ. ಅಷ್ಟರಲ್ಲಿ ಬ್ರಿಸ್ಬೇನ್‌ನ ವಿಶ್ವವಿದ್ಯಾಲಯವೊಂದು ಉಪನ್ಯಾಸಕ್ಕೆ ಕರೆಯಿತು. ಮುಖ ತೋರಿಸಲು ಹೊರಟೆ.

ಹೊರಡುವ ಮುಂಚೆ ನನ್ನ ಅಕ್ಕನಿಗೆ ಅನುವಾದ ಓದಲು ಕೊಟ್ಟಿದ್ದೆ. ಅಕ್ಕ ಔರಾದದಲ್ಲಿ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ಕೆಂಪು ಪೆನ್ನು ಮಾತ್ರ ನಿವೃತ್ತವಾಗಿಲ್ಲ.

"ಏ ತಂಗಿ, ಎಲ್ಲಾ ಚೊಲೋ ಅದ. ಒಂದೇ ಮಾತು ನನಗ ಸೇರಿಲ್ಲ ನೋಡು. ಈ ಹುಡುಗಿ ತನ್ನ ಅಕ್ಕಗ ಹೆಸರ ಹಿಡದು ಕರೀತಾಳಲ್ಲ, ಬಾಯಾಗ ಹುಳ ಬೀಳಂಗಿಲ್ಲೇನ ಆಕೀದು?"

"ಅವರ ಕಡಿ ಹಾಂಗೇ ಅಕ್ಕ. ಮೂಲದಾಗ ಹ್ಯಾಂಗ ಅದ ಹಾಂಗೇ ಬರೀಬೇಕು."

"ಮೂಲದಾಗ ಇಂಗ್ಲಿಷ್ ಅದ. ಅದನ್ನ ಬಿಟ್ಟಿ ಇಲ್ಲೊ? ಇದನ್ನೂ ಬಿಡು."

ಅನುವಾದದ ಬಗ್ಗೆ ನಾಲ್ಕು ಕಡೆ ಭಾಷಣ ಮಾಡಿದವಳು ನಾನು, ಬಿಡುತ್ತೇನೆಯೇ? ಮೂಲನಿಷ್ಠೆ ಎಂದೆ, ಸಾಂಸ್ಕೃತಿಕ ಅಂತರ ಎಂದೆ. ಅಕ್ಕ ಕೇಳಿ ಮುಗಿಸಿ, "ಚಾ ಕುಡೀತಿ?" ಎಂದು ಎದ್ದು ಹೋದಳು.

ಬ್ರಿಸ್ಬೇನ್, ವಿಮಾನ ನಿಲ್ದಾಣ

ಅಕ್ಕ ಕಟ್ಟಿಕೊಟ್ಟ ಗಂಟಿನಲ್ಲಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ ಇತ್ತು, ಎಕಂಬಾದಲ್ಲಿರುವ ಅಕ್ಕನ ಮನೆಯವರ ಹೊಲದ ಜೋಳದ ಹಿಟ್ಟಿತ್ತು. ಆ ದೇಶಕ್ಕೆ ಇಳಿಯುವಾಗ ತಿನ್ನುವ ವಸ್ತು ಏನಿದ್ದರೂ ಹೇಳಬೇಕು. ನಾನು ಎಲ್ಲವನ್ನೂ ಹೇಳಿದೆ. ನನ್ನ ಹಿಂದೆ ನಿಂತಿದ್ದ ಹೈದರಾಬಾದಿನ ಗೃಹಸ್ಥರೊಬ್ಬರು "ಕ್ಯೂಂ ಬೋಲೇ ಜೀ? ಚುಪ್ ರಹನಾ ಥಾ" ಎಂದು, ಯಾಕೆ ಹೇಳಿದಿರಿ, ಸುಮ್ಮನಿರಬೇಕಿತ್ತು ಎಂಬಂತೆ ಪಿಸುಗುಟ್ಟಿದರು. ಮುಂದಿನ ನಿಮಿಷದಲ್ಲಿ ಒಂದು ಪುಟ್ಟ ನಾಯಿ ಬಂದು ಅವರ ಚೀಲದ ಪಕ್ಕದಲ್ಲೇ ಕೂತುಬಿಟ್ಟಿತು. ಎಷ್ಟು ಕರೆದರೂ ಏಳಲಿಲ್ಲ. ಅವರ ಚೀಲದಲ್ಲಿ ಮಾವಿನಹಣ್ಣು.

ನನ್ನ ಗಂಟು ಬಿಚ್ಚಿದ ಅಧಿಕಾರಿ ಭಾರಿ ಆಳು, ಮೆತ್ತಗಿನ ದನಿ. ಹಿಟ್ಟಿನ ಪೊಟ್ಟಣ ಎತ್ತಿ "ಇದು ಯಾವುದರದು?" ಎಂದ. ಜೋಳಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ಅದನ್ನು ಹೇಳಿದೆ. ಅವನ ಹುಬ್ಬು ಮೇಲೆ ಹೋಯಿತು.

"ನಿಮ್ಮ ಜೊತೆ ಸಾಕುಪ್ರಾಣಿ ಏನಾದರೂ ಇದೆಯೇ?"

"ಇಲ್ಲ."

"ಮತ್ತೆ ಇದನ್ನು ತಿನ್ನುವವರು ಯಾರು?"

"ನಾನೇ ಆ ಪ್ರಾಣಿ" ಎಂದೆ. ಅವನು ಕೆಂಪಾದ. ಆಮೇಲೆ ನಕ್ಕ. ಮನೆಯಲ್ಲಿ ಬೀಸಿದ್ದನ್ನು ಒಳಗೆ ಬಿಡುವಂತಿಲ್ಲ ಎಂದು "ಸಾರಿ ಲವ್" ಎನ್ನುತ್ತ ಪೊಟ್ಟಣವನ್ನು ಡಬ್ಬಿಗೆ ಹಾಕಿದ. ಅಲ್ಲಿ ಅಂಗಡಿಯವರು, ಪೊಲೀಸರು, ಎಲ್ಲರೂ ಗುರುತಿಲ್ಲದ ಹೆಂಗಸರನ್ನು ಹಾಗೇ ಕರೆಯುತ್ತಾರಂತೆ. ಬೀದರಿನಲ್ಲಿ ಯಾವನಾದರೂ ಅಧಿಕಾರಿ ಹಾಗೆ ಕರೆದಿದ್ದರೆ ಅವನ ಬದಲಿ ಬಳ್ಳಾರಿಯಿಂದಾಚೆಗೇ ಆಗುತ್ತಿತ್ತು. ಎಕಂಬಾದ ಜೋಳ ಅಷ್ಟು ದೂರ ಬಂದು ಕಸದ ಡಬ್ಬಿ ಸೇರಿತಲ್ಲ ಎಂದು ನನಗೆ ಖರೇನೇ ಸಂಕಟವಾಯಿತು. ಅಕ್ಕನಿಗೆ ಮಾತ್ರ ಹೇಳಲಿಲ್ಲ.

ಬ್ರಿಸ್ಬೇನ್, ಹೊಳೆಯ ದಂಡೆ

ನನ್ನನ್ನು ನೋಡಿಕೊಂಡವರು ಹೆಲೆನ್. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಕಲಿಸುವವರು. ಬಹಳ ಒಳ್ಳೆಯ ಹೆಂಗಸು, ಸದಾ ಎಲ್ಲಿ ಯಾರಿಗೆ ನೋವಾಗುತ್ತದೋ ಎಂಬ ಆತಂಕ. ಕುರ್ಚಿ ಎಳೆದರೂ ಕುರ್ಚಿಗೆ ಸಾರಿ ಹೇಳುತ್ತಾರೆ.

ಆ ಊರಿನ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ಬಸ್ಸಿನಿಂದ ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರನಿಗೆ ಧನ್ಯವಾದ ಹೇಳಿಯೇ ಇಳಿಯುತ್ತಾರೆ. ಹಿಂದಿನ ಬಾಗಿಲಿನಿಂದ ಇಳಿಯುವವರೂ ಕೂಗಿ ಹೇಳುತ್ತಾರೆ. ನಮ್ಮ ಭಾಲ್ಕಿ ಬಸ್ಸಿನಲ್ಲಿ "ಲಗೂ ಲಗೂ ಇಳೀರಿ" ಎಂದು ಕಂಡಕ್ಟರ್ ಬೆನ್ನು ಹತ್ತಿರುವಾಗ ಯಾರಿಗೆ ಪುರಸೊತ್ತು? ಊರಿಗೆ ಮರಳಿದ ಮೇಲೆ ಅಭ್ಯಾಸಬಲದಿಂದ ಒಂದು ದಿನ ಹೇಳಿಯೂ ಬಿಟ್ಟೆ. ಡ್ರೈವರ್ ಗಾಬರಿಯಾಗಿ ತಿರುಗಿ, "ಯಾಕ್ರಿ ಬಾಯಿ, ಏನಾತ್ರಿ?" ಎಂದು ಕೇಳಿದ.

ಉಪನ್ಯಾಸ ಬೆಳಿಗ್ಗೆ ಇತ್ತು. ಆಂಟಿ ಡೊರೀನ್ ಅವರ ಪುಸ್ತಕದಿಂದ ಹೊಳೆ ದಾಟುವ ಭಾಗವನ್ನು ಓದಿದೆ, ಅಕ್ಕನ ಹೆಸರನ್ನು ಬಾಯಿತುಂಬ ಹೇಳಿದೆ. ಜನ ಚಪ್ಪಾಳೆ ಹೊಡೆದರು. ನಾನೂ ಉಬ್ಬಿದೆ. ಮರುದಿನ ಆಂಟಿಯ ಊರಿಗೆ ಹೋಗುವುದೆಂದು ಗೊತ್ತಾಗಿತ್ತು.

ಊಟದ ಹೊತ್ತಿಗೆ ಹೆಲೆನ್ ಫೋನು ಹಿಡಿದುಕೊಂಡು ಬಂದರು. ಮುಖ ಬಿಳಚಿಕೊಂಡಿತ್ತು. ಆಂಟಿಯ ಅಕ್ಕ ತೀರಿಕೊಂಡಿದ್ದರು. ಪುಸ್ತಕದ ತುಂಬ ಇರುವ ಆ ಅಕ್ಕ. ನಿನ್ನೆಯೇ ಜೀವ ಹೋಗಿತ್ತು, ನಮಗೆ ತಿಳಿದದ್ದು ಈಗ. ನಾನು ಕಂಡವಳಲ್ಲ, ಮಾತಾಡಿದವಳಲ್ಲ, ಆದರೂ ಕಣ್ಣಲ್ಲಿ ನೀರು ಬಂತು. ಆಮೇಲೆ ಇನ್ನೊಂದು ನೆನಪಾಯಿತು. ಅವರ ಮನೆತನದಲ್ಲಿ ಸತ್ತವರ ಹೆಸರನ್ನು ಬಹಳ ಕಾಲ ಬಾಯಲ್ಲಿ ತರುವಂತಿಲ್ಲ. ಎಲ್ಲ ಮೂಲನಿವಾಸಿಗಳಲ್ಲೂ ಒಂದೇ ರೀತಿ ಅಲ್ಲ, ಇವರಲ್ಲಿ ಹೀಗೆ. ಇದರ ಬಗ್ಗೆ ನನ್ನ ಪುಸ್ತಕದಲ್ಲಿ ಒಂದು ಇಡೀ ಅಧ್ಯಾಯವೇ ಇದೆ. ಆದರೆ ಆ ಬೆಳಿಗ್ಗೆಯೇ ನಾನು ತುಂಬಿದ ಸಭೆಯಲ್ಲಿ ಆ ಹೆಸರನ್ನು ಎಷ್ಟು ಸಲ ಹೇಳಿದ್ದೆನೋ!

"ನಾಳೆಯ ಪ್ರಯಾಣ ಬೇಡ" ಎಂದರು ಹೆಲೆನ್. "ಅವರಿಗೆ ಈಗ ಏಕಾಂತ ಬೇಕು. ನಾವು ಒಂದು ಚೆಂದದ ಕಾರ್ಡು ಕಳಿಸೋಣ."

ನಮ್ಮಲ್ಲಿ ಸಾವಿನ ಮನೆಗೆ ಕಾರ್ಡು ಕಳಿಸಿದರೆ ಮೊಮ್ಮಕ್ಕಳ ಕಾಲಕ್ಕೂ ಮಾತು ಬಿಡುತ್ತಾರೆ. ಮದುವೆ ತಪ್ಪಿಸಿದರೆ ಕ್ಷಮೆ ಉಂಟು, ಮಣ್ಣು ತಪ್ಪಿಸಿದರೆ ಇಲ್ಲ. ಆದರೆ ನನ್ನೊಳಗೆ ಇನ್ನೊಬ್ಬ ಸಣ್ಣ ಬುದ್ಧಿಯವಳೂ ಇದ್ದಾಳೆ. 'ಹೋದರೆ ಒಪ್ಪಿಗೆಯೂ ಸಿಕ್ಕೀತು, ಹೋಗದಿದ್ದರೆ ಎರಡು ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು' ಎಂದು ಅವಳು ಕಿವಿ ಕಚ್ಚಿದಳು. ಹೋಗಬೇಕೆನ್ನುವುದು ದುಃಖಕ್ಕೋ ಪುಸ್ತಕಕ್ಕೋ, ನನಗೇ ತಿಳಿಯದಾಯಿತು. ಹೊಳೆಯ ದಂಡೆಯ ಕಲ್ಲುಬೆಂಚಿನ ಮೇಲೆ ಕೂತು ಅಕ್ಕನಿಗೆ ಫೋನು ಹಚ್ಚಿದೆ.

"ಯಾರು? ಹೊಳಿ ದಾಟಿಸಿದಾಕೇನ?" ಎಂದಳು ಅಕ್ಕ.

"ಹೋಗಲೇನ ಅಕ್ಕ?"

"ಇದೇನ್ ಕೇಳೂ ಮಾತೇನ? ಅಷ್ಟು ದೂರ ಹೋಗಿ ಹಾಂಗೇ ಬರ್ತೀ? ಬರಿಗೈಲೆ ಹೋಗಬ್ಯಾಡ. ರೊಟ್ಟಿ ಝುಣಕಾ ಮಾಡಿಕೊಂಡು ಹೋಗಿ ಕಡು ಘಾಸ ಹಾಕು. ಹಿಟ್ಟು ಕೊಟ್ಟೇನಲ್ಲ?"

"ಹೂಂ, ಅದ" ಎಂದೆ.

"ಮತ್ತ ಕೇಳು. ಪುಸ್ತಕದ ಮಾತು ಎತ್ತಿದಿ ಅಂದ್ರ ಊರಿಗಿ ಬರಬ್ಯಾಡ."

ಕಡು ಘಾಸ ಅಂದರೆ ಕಹಿ ತುತ್ತು. ಬೀದರ ಸೀಮೆಯಲ್ಲಿ ಸಾವಾದ ಮನೆಯವರು ಒಲೆ ಹಚ್ಚುವುದಿಲ್ಲ. ಬಳಗದವರು ಅಡಿಗೆ ಮಾಡಿ ತಂದು, ಹೆಚ್ಚು ದುಃಖದಲ್ಲಿರುವವರ ಬಾಯಿಗೆ ತಾವೇ ಮೊದಲ ತುತ್ತು ಇಡುತ್ತಾರೆ. ಅದನ್ನು ಉಂಡ ಮೇಲೆ ಬದುಕು ಮತ್ತೆ ಶುರು. ಹೆಲೆನ್‌ಗೆ ಇದನ್ನೆಲ್ಲ ವಿವರಿಸಿದೆ. ಅವರು ಹೆದರಿ ಹೆದರಿ ಆಂಟಿಯ ಸೊಸೆ ಶೆರಿಲ್‌ಗೆ ಫೋನು ಮಾಡಿದರು. ಶೆರಿಲ್ ಆಂಟಿಯನ್ನು ಕೇಳಿ ಬಂದು ಹೇಳಿದ್ದು ಇಷ್ಟೆ: ಬರಲಿ. ಹೆಸರು ಮಾತ್ರ ಹೇಳದಿರಲಿ.

ಪಶ್ಚಿಮದ ದಾರಿ

ನಗರ ಮುಗಿದು ಘಾಟು ಹತ್ತಿದ ಮೇಲೆ ಕಪ್ಪು ನೆಲ ಶುರುವಾಯಿತು. ಥೇಟ್ ನಮ್ಮ ಭಾಲ್ಕಿಯ ಎರಿಮಣ್ಣು. ಒಂದು ತಿರುವಿನಲ್ಲಿ ನಾನು "ನಿಲ್ಲಿಸಿ, ನಿಲ್ಲಿಸಿ!" ಎಂದು ಕೂಗಿದೆ. ಹೆಲೆನ್ ಯಾವುದೋ ಕಾಂಗರೂ ಅಡ್ಡ ಬಂತೆಂದು ಬ್ರೇಕು ಹಾಕಿದರು. ಕಾಂಗರೂ ಅಲ್ಲ, ಜೋಳ. ಕಣ್ಣು ಹರಿದಷ್ಟು ದೂರ ಜೋಳ.

ಆದರೆ ಎಂಥ ಜೋಳ! ನಮ್ಮದು ಆಳೆತ್ತರ ಬೆಳೆದು ಒಳಗೆ ಹೋದವರು ಕಾಣದಂತಿರುತ್ತದೆ. ಇಲ್ಲಿಯದು ಸೊಂಟದ ಮಟ್ಟ, ತೆನೆ ಇಟ್ಟಿಗೆ ಬಣ್ಣ. ಅಷ್ಟು ದೊಡ್ಡ ಹೊಲದಲ್ಲಿ ಒಂದು ನರಪಿಳ್ಳೆ ಇಲ್ಲ, ಹಕ್ಕಿ ಹೊಡೆಯುವವರೂ ಇಲ್ಲ. ದನಕ್ಕೆ, ಹಂದಿಗೆ, ಕೋಳಿಗೆ ಹಾಕಲು ಬೆಳೆಯುತ್ತಾರೆ ಎಂದರು ಹೆಲೆನ್, ಅದಕ್ಕೂ ಒಮ್ಮೆ ಸಾರಿ ಹೇಳಿದರು. ಎಕಂಬಾದ ಹೊಲದಲ್ಲಿ ಕೂತು ಬೆಂಕಿಯಲ್ಲಿ ಸುಟ್ಟ ಎಳೆತೆನೆಯ ಸೀತನಿ ತಿನ್ನುವುದು ನೆನಪಾಗಿ ಬಾಯಲ್ಲಿ ನೀರು ಬಂತು. ಮುಟ್ಟಿ ನೋಡಿದೆ. ಕಾಳು ಗಟ್ಟಿಯಾಗಿತ್ತು. ಹಾದಿಯುದ್ದಕ್ಕೂ ಅಕ್ಕನ ಮಾತನ್ನು ಜಪದ ಹಾಗೆ ಹೇಳಿಕೊಂಡೆ, ಪುಸ್ತಕದ ಮಾತು ಎತ್ತಬಾರದು, ಪುಸ್ತಕದ ಮಾತು ಎತ್ತಬಾರದು.

ಮೋಟೆಲಿನ ಅಡುಗೆಮೂಲೆ

ಆಂಟಿಯ ಊರಿನಲ್ಲಿ ಒಂದೇ ಬೀದಿ, ಆ ಬೀದಿಯಲ್ಲಿ ಒಂದೇ ಮೋಟೆಲು. ಬ್ರಿಸ್ಬೇನಿನ ಭಾರತೀಯ ಅಂಗಡಿಯಲ್ಲಿ ಜೋಳದ ಹಿಟ್ಟು, ಕಡಲೆಹಿಟ್ಟು ಕೊಂಡು ತಂದಿದ್ದೆ. ಬೆಳಿಗ್ಗೆ ಎದ್ದು ಕೋಣೆಯ ಮೂಲೆಯ ಕರೆಂಟಿನ ಒಲೆಯ ಮೇಲೆ ಝುಣಕಾ ಮಾಡಿದೆ. ಅದು ಸುಸೂತ್ರ. ರೊಟ್ಟಿಯದೇ ಪಂಚಾಯಿತಿ. ಹಿಟ್ಟು ಹಳತು, ಜಿಗಿ ಇಲ್ಲ. ಕುದಿನೀರು ಹಾಕಿ ನಾದಿದರೂ ಅಂಚು ಬಿರುಕು ಬಿಡುತ್ತಿತ್ತು. ಮೇಜಿನ ಮೇಲೆ ಬಡಿಯತೊಡಗಿದೆ. ಪಕ್ಕದ ಕೋಣೆಯವನು ಗೋಡೆ ಬಡಿದ. ನಾನು ರೊಟ್ಟಿ ಬಡಿದರೆ ಅವನು ಗೋಡೆ ಬಡಿಯುವುದು, ಹೀಗೆ ಸ್ವಲ್ಪ ಹೊತ್ತು ಜುಗಲ್‌ಬಂದಿ ನಡೆಯಿತು. ಮೊದಲ ರೊಟ್ಟಿ ಬಾಣಲೆಗೆ ಬಿದ್ದು ಹೊಗೆ ಎದ್ದದ್ದೇ ತಡ, ಚಾವಣಿಯಲ್ಲಿದ್ದ, ಹೊಗೆ ಕಂಡರೆ ಕೂಗುವ ಯಂತ್ರ ಕಿವಿ ಹರಿಯುವಂತೆ ಕಿರುಚಿತು.

ಮೋಟೆಲಿನ ಒಡತಿ, ಚೆಡ್ಡಿ ತೊಟ್ಟ ಮುದುಕಿ, ಓಡಿ ಬಂದಳು. ನನ್ನ ಕೈ ನೋಡಿದಳು, ರೊಟ್ಟಿ ನೋಡಿದಳು, ತಲೆಗೂದಲ ಮೇಲಿನ ಹಿಟ್ಟು ನೋಡಿದಳು. ಸಾವಿನ ಮನೆಗೆ ಎಂದೆ. ಯಾರ ಮನೆಯೆಂದು ಅವಳು ಕೇಳಲಿಲ್ಲ, ಇಡೀ ಊರಿಗೆ ಗೊತ್ತಿತ್ತು. ಕುರ್ಚಿ ಹತ್ತಿ, ಒಂದು ಟ್ರೇ ಹಿಡಿದು, ಎಲ್ಲ ರೊಟ್ಟಿ ಮುಗಿಯುವವರೆಗೂ ಆ ಯಂತ್ರಕ್ಕೆ ಗಾಳಿ ಬೀಸುತ್ತ ನಿಂತಳು. ಇಳಿಯುವಾಗ "ಅವಳು ನನಗೆ ಹೊಲಿಗೆ ಕಲಿಸಿದ್ದಳು" ಎಂದಳು. ಅವಳೂ ಹೆಸರು ಹೇಳಲಿಲ್ಲ.

ಆಂಟಿ ಡೊರೀನ್ ಅವರ ಮನೆ

ಮನೆಯ ಮುಂದಿನ ಮರದ ಕೆಳಗೆ ಕುರ್ಚಿಗಳು, ಕುರ್ಚಿಗಳಲ್ಲಿ ಜನ. ಯಾರೂ ಮಾತಾಡುತ್ತಿರಲಿಲ್ಲ. ಯಾರೂ ನಮ್ಮನ್ನು ಯಾಕೆ ಬಂದಿರಿ ಎನ್ನಲಿಲ್ಲ. ಒಬ್ಬ ಕುರ್ಚಿ ಸರಿಸಿಕೊಟ್ಟ, ಕೂತೆವು. ಹೆಲೆನ್ ಏನಾದರೂ ಹೇಳಬೇಕೇ ಎಂದು ಒದ್ದಾಡುತ್ತಿದ್ದರು. ನನಗೆ ಮಾತ್ರ ಭಾತಂಬ್ರಾದ ಅಂಗಳಕ್ಕೆ ಬಂದ ಹಾಗಿತ್ತು. ಸಾವಿನ ಮನೆಯಲ್ಲಿ ಮೊದಲು ಸುಮ್ಮನೆ ಕೂಡುವುದು. ಅದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಒಳಗೆ ಹೋದಾಗ ಒಂದು ವ್ಯತ್ಯಾಸ ಕಣ್ಣಿಗೆ ಬಡಿಯಿತು. ನಮ್ಮಲ್ಲಿ ಯಾರಾದರೂ ಹೋದರೆ ಮೊದಲ ಕೆಲಸವೇ ಫೋಟೋ. ದೊಡ್ಡದು ಮಾಡಿಸಿ, ಹಾರ ಹಾಕಿ, ಮೇಣದ ಬತ್ತಿ ಹಚ್ಚಿ, ಸಾಲದೆ ಚೌಕಿನಲ್ಲಿ ಹೆಸರು ಸಮೇತ ಫ್ಲೆಕ್ಸು ಕಟ್ಟುತ್ತೇವೆ. ಮಳೆಗಾಲ ಕಳೆದರೂ ಬಿಚ್ಚುವುದಿಲ್ಲ. ಇಲ್ಲಿ ಗೋಡೆಯ ಮೇಲೆ ಫೋಟೋ ಇದ್ದ ಜಾಗಗಳು ಮಾತ್ರ ಇದ್ದವು, ಸುತ್ತಲಿನ ಬಣ್ಣಕ್ಕಿಂತ ತುಸು ಬೆಳ್ಳಗೆ. ನಾವು ಸತ್ತವರನ್ನು ಕೂಗಿ ಕೂಗಿ ಇಟ್ಟುಕೊಳ್ಳುತ್ತೇವೆ, ಇವರು ಬಾಯಿ ಮುಚ್ಚಿ ಇಟ್ಟುಕೊಳ್ಳುತ್ತಾರೆ. ಯಾವುದರಲ್ಲಿ ಹೆಚ್ಚು ಸಂಕಟ ಎಂದು ನಾನು ಹೇಳಲಾರೆ.

ಆಂಟಿ ಡೊರೀನ್ ಕಿಟಕಿಯ ಹತ್ತಿರ ಕೂತಿದ್ದರು. ಫೋನಿನಲ್ಲಿ ಕಂಡದ್ದಕ್ಕಿಂತ ಸಣ್ಣ ಜೀವ. ಪಕ್ಕದಲ್ಲಿ ಸೊಸೆ ಶೆರಿಲ್, ಎದುರಿಗೆ ಸೋದರಮಾವ ವರಸೆಯ ಒಬ್ಬ ಮುದುಕರು, ಅಂಕಲ್ ರೇ. ನಾನು ಡಬ್ಬಿ ಬಿಚ್ಚಿ ಕಡು ಘಾಸದ ವಿಷಯ ಹೇಳಿದೆ. ತುತ್ತು ಮಾಡಿದೆ. ಕೈ ಅರ್ಧಕ್ಕೇ ನಿಂತಿತು, ಬೇರೆ ದೇಶ, ಬೇರೆ ಜನ, ಹೀಗೆ ಬಾಯಿಗೆ ಇಡಬಹುದೇ?

"ಕಹಿ ತುತ್ತು ಅಂದಿ. ಕಹಿ ಅದೇನ?" ಎಂದು ಕೇಳಿದರು ಆಂಟಿ.

"ಇಲ್ಲ, ಖಾರ ಅದ."

"ಹಂಗಾದ್ರ ಇಡು."

ಬಾಯಿ ತೆರೆದರು. ಇಟ್ಟೆ. ನಿಧಾನವಾಗಿ ಅಗಿದರು. ಕಣ್ಣಲ್ಲಿ ನೀರು ಬಂತು, ಖಾರಕ್ಕೋ ಏನೋ. ನಿನ್ನೆಯಿಂದ ಏನೂ ಮುಟ್ಟಿರಲಿಲ್ಲವಂತೆ, ಶೆರಿಲ್ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡಳು. ಅಂಕಲ್ ರೇ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, "ಏ, ಇದು ನಾವು ಕೋಳಿಗಿ ಹಾಕೂದು ಅಲ್ಲೇನ?" ಎಂದರು.

"ಅದಕ್ಕೇ ಕೋಳಿ ನಿನಗಿಂತ ಗಟ್ಟಿಮುಟ್ಟ ಅವ" ಎಂದರು ಆಂಟಿ. ಇಡೀ ಕೋಣೆ ನಕ್ಕಿತು. ಅಂಗಳದಲ್ಲಿದ್ದವರೂ ಬಂದು ರೊಟ್ಟಿ ಮುರಿದರು. ಬಿರುಕುಬಿಟ್ಟ ರೊಟ್ಟಿಗಳು ಒಂದೂ ಉಳಿಯಲಿಲ್ಲ.

ಪುಸ್ತಕದ ಮಾತನ್ನು ನಾನು ಎತ್ತಲಿಲ್ಲ. ಆಂಟಿಯೇ ಎತ್ತಿದರು.

"ನೀ ಪುಸ್ತಕಕ್ಕ ಬಂದಾಕಿ. ನನಗ ಗೊತ್ತದ. ಆದ್ರ ಈಗ ಆಗಂಗಿಲ್ಲ ಮಗಳ. ಪುಟಕ್ಕೊಮ್ಮಿ ಆಕಿ ಹೆಸರು ಅದ. ಅಂಗಡ್ಯಾಗಿದ್ದಿದ್ದೂ ತಗದಿಡ್ರಿ ಅಂತ ಹೇಳೇನಿ. ನಾ ಬರದ ಪುಸ್ತಕ ನಾನೇ ಬಿಚ್ಚಿ ನೋಡಂಗಿಲ್ಲ. ಮತ್ತ ಯಾವಾಗ ಬಿಚ್ಚಬೇಕು ಅಂತ ಮನಿಯವರೆಲ್ಲ ಕೂಡಿ ಹೇಳ್ಬೇಕು. ವರ್ಷ ಹಿಡೀತದೋ, ನಾಕು ವರ್ಷ ಹಿಡೀತದೋ."

"ಆಗಲಿ ಆಂಟಿ" ಎಂದೆ. ಬಾಯಿ ಅಂದಿತು, ಮನಸ್ಸು ಅನ್ನಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇನ್ನು ಈ ಮುದುಕಿ ಎಷ್ಟು ವರ್ಷ, ನಾನು ಎಷ್ಟು ವರ್ಷ? ನನ್ನ ಚೀಲದಲ್ಲಿದ್ದ ಟೈಪು ಮಾಡಿದ ಹಾಳೆಗಳು ಬೀದರಿನ ಕಪಾಟಿನಲ್ಲೇ ಹಳದಿಯಾಗುತ್ತವೆ ಎಂದು ಖಾತ್ರಿಯಾಯಿತು. ಅಳು ಬಂದದ್ದು ಯಾವುದಕ್ಕೆ ಎಂದು ಆಗಲೂ ತಿಳಿಯಲಿಲ್ಲ. ಡಬ್ಬಿ ಮುಚ್ಚತೊಡಗಿದೆ.

ಆಂಟಿ ಮಾತು ಬದಲಿಸಲು ಕೇಳಿದರು. "ಈ ರೊಟ್ಟಿ ಮಾಡಿಕೊಂಡು ಹೋಗು ಅಂದಾಕಿ ಯಾರು?"

"ನನ್ನ ಅಕ್ಕ." ಇಂಗ್ಲಿಷಿನ ನಡುವೆ ಆ ಒಂದು ಶಬ್ದ ಕನ್ನಡದಲ್ಲೇ ಬಂತು.

"ಅಕ್ಕ ಅಂಬೂದು ಆಕಿ ಹೆಸರೇನು?"

"ಹೆಸರಲ್ಲ. ದೊಡ್ಡಾಕಿಗಿ ನಾವು ಅಕ್ಕ ಅಂತೀವಿ. ಆಕಿ ಹೆಸರು ನಾ ಹುಟ್ಟಿದಾಗಿಂದ ಒಮ್ಮಿನೂ ಹಿಡದು ಕರದಿಲ್ಲ. ಕರದ್ರ ಕಪಾಳಕ್ಕ ಬೀಳ್ತದ."

ಆಂಟಿ ಕಿಟಕಿಯಿಂದ ಮುಖ ತಿರುಗಿಸಿದರು. "ಬದಕಿದಾಗೂ ಕರಿಯಂಗಿಲ್ಲ?"

"ಇಲ್ಲ."

"ಮತ್ತ ನಿನ್ನ ಭಾಷಾದಾಗ ನನ್ನ ಅಕ್ಕಗ ನಾ ಏನಂತ ಕರದೀನಿ?"

ನನಗೆ ನಾಚಿಕೆಯಾಯಿತು. "ನೀವು ಬರದಂಗೇ ಇಟ್ಟೇನಿ, ಹೆಸರು ಹಿಡದು. ನಮ್ಮ ಅಕ್ಕ ಅದಕ್ಕ ನನ್ನ ಜೋಡಿ ಜಗಳ ಮಾಡ್ಯಾಳ."

"ನಿಮ್ಮ ಅಕ್ಕ ಶ್ಯಾಣ್ಯಾಕಿ ಇದ್ದಾಳ" ಎಂದರು ಆಂಟಿ. ಶೆರಿಲ್ ಕಡೆ ನೋಡಿದರು, ಅಂಕಲ್ ರೇ ಕಡೆ ನೋಡಿದರು. ಅವರವರಲ್ಲೇ ಏನೋ ಮಾತಾಯಿತು, ತಗ್ಗಿದ ದನಿಯಲ್ಲಿ. ಮುದುಕರು ತಲೆ ಆಡಿಸಿದರು. "ಆ ಹಾಳಿ ತಂದೀಯೇನು? ಹೊಳಿದು ಓದು. ಹೆಸರ ಬಿಟ್ಟು ಓದು."

ಎರಡು ವರ್ಷ ತಿದ್ದಿ ಬಾಯಿಪಾಠವಾದ ಸಾಲುಗಳು, ನಾಲಿಗೆಗೆ ಆ ಹೆಸರು ರೂಢಿಯಾಗಿಬಿಟ್ಟಿತ್ತು. ಎಲ್ಲಿ ಜಾರುತ್ತದೋ ಎಂದು ಬೆರಳಿನಿಂದ ಮುಂದಿನ ಸಾಲನ್ನು ಮೊದಲೇ ಹುಡುಕಿಕೊಂಡು, ಹೆಸರು ಬಂದಲ್ಲೆಲ್ಲ ಅಕ್ಕ ಎನ್ನುತ್ತ ಓದಿದೆ.

"ನೀರು ಅಕ್ಕನ ಸೊಂಟದವರೆಗೆ ಬಂದಿತ್ತು. ನಾನು ದಂಡೆಯಲ್ಲೇ ಅಳುತ್ತ ನಿಂತಿದ್ದೆ. ಅಕ್ಕ ತಿರುಗಿ ಬಂದು ಬಗ್ಗಿ ಬೆನ್ನು ಕೊಟ್ಟಳು. ನೀರು ನೋಡಬೇಡ, ನನ್ನ ಕಿವಿ ನೋಡು ಅಂದಳು ಅಕ್ಕ. ನಾನು ಅಕ್ಕನ ಕಿವಿ ನೋಡುತ್ತ ಹೊಳೆ ದಾಟಿದೆ."

ಅಲ್ಲಿದ್ದ ಯಾರಿಗೂ ಕನ್ನಡದ ಒಂದು ಶಬ್ದ ಗೊತ್ತಿಲ್ಲ, ಈಗಷ್ಟೇ ಕಲಿತ ಒಂದನ್ನು ಬಿಟ್ಟು. ಆದರೂ ಕಿವಿಯ ಮಾತು ಬಂದ ಗಳಿಗೆಗೆ ಸರಿಯಾಗಿ ಆಂಟಿಯ ಕೈ ಮೆಲ್ಲಗೆ ಎದ್ದು ತನ್ನ ಕಿವಿಯನ್ನು ಹಿಡಿದುಕೊಂಡಿತು. ನಾನು ಓದುವುದು ನಿಲ್ಲಿಸಿದೆ.

"ಇನ್ನೊಮ್ಮಿ ಓದು" ಎಂದರು ಆಂಟಿ.

ಇನ್ನೊಮ್ಮೆ ಓದಿದೆ. ಈ ಸಲ 'ಅಕ್ಕ' ಬಂದಲ್ಲೆಲ್ಲ ಅವರೂ ನನ್ನ ಜೊತೆ ಅಂದರು. ಮೊದಲು ಬಾಯೊಳಗೆ, ಆಮೇಲೆ ಗಟ್ಟಿಯಾಗಿ. ಮೂರು ದಿನಕ್ಕೆ ಆ ಮನೆಯಲ್ಲಿ ಅವಳನ್ನು ಯಾರೋ ಕರೆದದ್ದು ಅದೇ ಮೊದಲು.

"ಮುಖ ನೋಡಿದೆ" ಎಂದರು ಆಂಟಿ ಕೊನೆಗೆ. "ನನ್ನ ಪುಸ್ತಕ ಈಗ ಮಲಗಲಿ. ಇದು ಬರಲಿ. ಇದನ್ನ ನಾ ಕೂತು ಕೇಳಬಹುದು. ಒಂದು ಕಡಿನೂ ಆ ಹೆಸರು ಉಳಿಬಾರದು ಮತ್ತ."

"ಉಳಿಯಂಗಿಲ್ಲ ಆಂಟಿ."

ಹೊರಡುವಾಗ ಬಾಗಿಲ ತನಕ 'ಹೋಗಿ ಬರ್ತೇನಿ' ಎಂಬ ಮಾತು ತುಟಿಗೆ ಬಂದು ನುಂಗಿಕೊಂಡೆ. ಸಾವಿನ ಮನೆಯಲ್ಲಿ ನಾವು ಹಾಗೆ ಅನ್ನುವುದಿಲ್ಲ. ಆಂಟಿಯೂ ಬಾ ಎನ್ನಲಿಲ್ಲ. ಕೈ ಮಾತ್ರ ಬಹಳ ಹೊತ್ತು ಬಿಡಲಿಲ್ಲ.

ಔರಾದ

ಬೀದರಿನಲ್ಲಿ ಇಳಿದ ಎರಡನೇ ದಿನವೇ ಔರಾದಕ್ಕೆ ಹೋದೆ. ಅಕ್ಕ ಕೆಂಪು ಪೆನ್ನು ಹಿಡಿದು ಕಾಯುತ್ತಿದ್ದಳು. ಮಧ್ಯಾಹ್ನವೆಲ್ಲ ಇಬ್ಬರೂ ಕೂತು ಪುಟಪುಟದಲ್ಲಿ ಆ ಹೆಸರನ್ನು ಹೊಡೆದು ಅಕ್ಕ ಎಂದು ಬರೆದೆವು. ಅವಳ ಬಾಯಿ ಸುಮ್ಮನಿರಬೇಕಲ್ಲ?

"ಮೂಲ ಮೂಲ ಅಂತ ಕುಣೀಲತ್ತಿದ್ದಿ. ಈಗ ಮೂಲದಾಕಿನೇ ಏನಂದ್ಲು?"

"ನೀ ಶ್ಯಾಣ್ಯಾಕಿ ಅಂದ್ಲು."

"ಇದನ್ನ ಪುಸ್ತಕದಾಗ ಹಾಕ್ತೀಯೋ ಇಲ್ಲೋ?"

ಎಕಂಬಾದ ಹಿಟ್ಟು ಕಸದ ಡಬ್ಬಿ ಸೇರಿದ್ದನ್ನೂ ಆಗ ಹೇಳಿದೆ. ಆ ಅಧಿಕಾರಿಯ ಏಳು ತಲೆಮಾರಿಗೆ ಬೈದಳು. ಕೊನೆಯ ಪುಟ ಮುಗಿದಾಗ ಮಾತ್ರ ಪೆನ್ನಿನ ಮುಚ್ಚಳ ಹಾಕಿ ಹಾಳೆಗಳ ಮೇಲೆ ಒಮ್ಮೆ ಕೈ ಆಡಿಸಿದಳು. ಆಮೇಲೆ ಎದ್ದು ಒಳಗೆ ಹೋದಳು.

ನಾನು ಬರುತ್ತೇನೆಂದು ಹೋಳಿಗೆ ಮಾಡುವುದಾಗಿ ಫೋನಿನಲ್ಲಿ ಹೇಳಿದ್ದಳು. ತಾಟು ತಂದಿಟ್ಟಾಗ ನೋಡಿದರೆ ಝುಣಕಾ, ಜೋಳದ ರೊಟ್ಟಿ.

"ಇದೇನ ಅಕ್ಕ? ಹೋಳಿಗಿ ಎಲ್ಲಿ?"

"ಹೋಳಿಗಿ ನಾಳಿ." ನನ್ನ ಎದುರಿಗೆ ಕೂತು ರೊಟ್ಟಿ ಮುರಿದಳು. "ಎರಡು ವರ್ಷ ಆಕಿ ಜೋಡಿ ಇದ್ದಿ. ಹೊತ್ತು ಮುಣಗಿದ್ರ ಆಕೀದೇ ಮಾತು, ಹೊತ್ತು ಹೊಂಟ್ರ ಆಕೀದೇ ಮಾತು. ಆಕಿ ಬೆನ್ನ ಮ್ಯಾಲ ನೀನೂ ಹೊಳಿ ದಾಟೀದಿ. ಅವರಿಗೆಲ್ಲ ತುತ್ತು ಹಾಕಿ ಬಂದಿ, ಖರೆ. ನಿನಗ ಯಾರು ಹಾಕಿದ್ರು?"

ಯಾರೂ ಹಾಕಿರಲಿಲ್ಲ. ಯಾರಾದರೂ ಹಾಕಬೇಕೆಂದು ನನಗೂ ಹೊಳೆದಿರಲಿಲ್ಲ. ಸೆರಗನ್ನು ಕಣ್ಣಿಗೆ ಒತ್ತಿಕೊಂಡೆ.

"ಅಳಬ್ಯಾಡ. ಬಾಯಿ ತಗಿ" ಎಂದಳು ಅಕ್ಕ.

ನಾನು ಅಕ್ಕನ ಕಿವಿ ನೋಡುತ್ತ ಬಾಯಿ ತೆರೆದೆ.